ನಿನ್ನ ಕಡೆಯ ಚಕ್ರ

ಮಂಗಳವಾರ, ನಿನಗೆ ಕ್ಲಿನಿಕ್ ರಜೆ ಇರುವ ದಿನ

ಫೋನ್ ಎತ್ತದ ನನ್ನ ಮುದ್ದು ಚೂಟಿಗೆ, ಅಜ್ಜಿಯ ಆಶೀರ್ವಾದ.

ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಹೇಳಿದ ಮಾತು ಕೇಳುವುದಿಲ್ಲ, ಥೇಟ್ ನಿನ್ನ ಹಾಗೆ. ಅಕ್ಷರ ಸೊಟ್ಟಗಿದ್ದರೆ ನನ್ನ ವಯಸ್ಸನ್ನು ಬೈಯಬೇಡ, ಮೇಜು ಅಲ್ಲಾಡುತ್ತಿದೆ. ಫೋನಿನಲ್ಲೇ ಹೇಳೋಣವೆಂದರೆ ಕೊಡೆಕಡ್ಡಿಯ ಹೆಸರು ಬಂದ ಕೂಡಲೇ ಕಟ್ ಮಾಡುತ್ತೀಯ. ನಿನ್ನ ಗಂಡನಿಗೆ ಆ ಹೆಸರಿಟ್ಟವಳು ನಾನು, ಅದನ್ನು ಕೇಳಿ ಬಿದ್ದು ಬಿದ್ದು ನಕ್ಕವಳು ನೀನು. ಈಗ ಕೇಳಿದರೆ ಮೈ ಉರಿಯುತ್ತದೆ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ. ಹರಿದು ಹಾಕಬಹುದು, ಆದರೆ ನೀನು ಪೂರ್ತಿ ಓದದೆ ಹರಿಯುವವಳಲ್ಲ.

ಮೊದಲು ಗಾಡಿಯ ವಿಷಯ. ಆ ಹಳೇ ಪಿಕಪ್ಪನ್ನು ನನ್ನ ಅಂಗಳದಲ್ಲಿ ನಿಲ್ಲಿಸಿ, ಗಾಜಿಗೆ ‘ಮಾರಾಟಕ್ಕಿದೆ’ ಅಂತ ಚೀಟಿ ಅಂಟಿಸಿ, ಬಂದವರಿಗೆ ತೋರಿಸು ಅಂತ ಬೀಗದ ಕೈ ಕೊಟ್ಟು ಹೋದೆಯಲ್ಲ. ತೋರಿಸಿದೆ.

ಮೊದಲು ಬಂದವರು ಬ್ಯಾಂಕಿನಲ್ಲಿದ್ದು ರಿಟೈರ್ ಆದವರು, ಜೊತೆಗೆ ಹೆಂಡತಿ. ಗಾಡಿಯ ಹಿಂದೆ ಕೊಡೆಕಡ್ಡಿ ಮರದಲ್ಲಿ ಕಟ್ಟಿ ಕೂರಿಸಿರುವ ಪುಟ್ಟ ಮನೆ ಅವರಿಗೆ ಬಹಳ ಹಿಡಿಸಿತು. ಛಾವಣಿಯನ್ನು ಎತ್ತಿ ಇಳಿಸಿದರು, ಒಲೆಯ ಕಿವಿ ತಿರುಗಿಸಿದರು, ನೀರಿನ ಪಂಪು ಒತ್ತಿ ಒತ್ತಿ ನನ್ನ ಸೆರಗು ನೆನೆಸಿದರು. ಆಕೆ ಮಾತ್ರ ಮೂಗು ಮುರಿದು, ಇದರಲ್ಲಿ ಬಚ್ಚಲು ಎಲ್ಲಿ ಅಂತ ಕೇಳಿದರು. ಎದುರಿನ ಬಯಲು ತೋರಿಸಿ, ಇಷ್ಟು ದೊಡ್ಡ ಬಚ್ಚಲು ಅರಮನೆಯಲ್ಲೂ ಇರಲ್ಲಮ್ಮ ಅಂದೆ. ಗಂಡನ ತೋಳು ಹಿಡಿದು ಎಳೆದುಕೊಂಡು ಹೋದರು.

ಎರಡನೆಯವನು ಮೀನಿನ ವ್ಯಾಪಾರಿ. ಹಿಂದಿನ ಮನೆಯನ್ನು ಕಿತ್ತು ಬಿಸಾಕಿ ಐಸಿನ ಪೆಟ್ಟಿಗೆ ಇಡುತ್ತಾನಂತೆ. ಎಣ್ಣೆ ಕುಡಿಯುತ್ತದೆ, ಛಾವಣಿ ಸೋರುತ್ತದೆ, ಗೇರು ಹಾಕಿದರೆ ಹೆರಿಗೆ ಮನೆಯ ಹಾಗೆ ಕೂಗುತ್ತದೆ ಅಂತ ನಾನು ಎಷ್ಟು ಹೇಳಿದರೂ ಜಗ್ಗಲಿಲ್ಲ. ಚೌಕಾಶಿಯನ್ನೂ ಮಾಡದೆ, ಸೋಮವಾರ ಬಂದು ಒಯ್ಯುತ್ತೇನೆ ಅಂದುಬಿಟ್ಟ.

ಅವನಿಗೆ ಗಾಡಿ ಕೊಡಲು ನನಗೆ ಮನಸ್ಸು ಬರಲಿಲ್ಲ. ಯಾಕೆಂದರೆ, ಬೈಯಬೇಡ, ಮಧ್ಯಾಹ್ನ ಊಟವಾದ ಮೇಲೆ ನಾನು ಅದರೊಳಗೇ ಹೋಗಿ ಮಲಗುತ್ತಿದ್ದೆ. ಕೊಡೆಕಡ್ಡಿ ತನ್ನ ಉದ್ದ ಕಾಲಿಗೆ ಹಾಸಿಗೆಯ ತುದಿಯಲ್ಲಿ ಒಂದು ಗೂಡು ಕೊರೆದುಕೊಂಡಿದ್ದಾನೆ. ನಿನಗೆ ಹತ್ತಲು ಕುಳ್ಳ ಮೆಟ್ಟಿಲು, ನಿನ್ನ ಕೈಗೆಟಕುವ ಹಾಗೆ ಲೋಟದ ಕೊಕ್ಕೆ. ಎಲ್ಲಿ ಸವರಿದರೂ ಒಂದು ಸಿಬಿರು ಚುಚ್ಚುವುದಿಲ್ಲ. ಬಡಗಿಗಳು ದುಡ್ಡು ಕೊಟ್ಟವರಿಗೆ ಇಷ್ಟು ಉಜ್ಜುವುದಿಲ್ಲ ಕಣೇ. ನಿನ್ನ ಪರವಾಗಿ ಅವನ ಮೇಲೆ ಕೋಪ ಮಾಡಿಕೊಳ್ಳೋಣ ಅಂತ ಅಲ್ಲಿ ಮಲಗಿದೆ. ನಿದ್ದೆ ಬಂತು.

ಭಾನುವಾರ ಅವನೇ ಬಸ್ಸಿನಲ್ಲಿ ಬಂದ. ಉಳಿ ಪೆಟ್ಟಿಗೆ ಗಾಡಿಯಲ್ಲೇ ಉಳಿದಿದೆಯಂತೆ, ತೆಗೆದುಕೊಂಡು ಹೋಗುತ್ತೇನೆ ಅಂದ. ಮುಖ ಒಣಗಿ ಹಪ್ಪಳವಾಗಿತ್ತು. ಊಟ ಹಾಕಿದೆ, ಜೊತೆಗೆ ಬೈಗುಳವನ್ನೂ ಬಡಿಸಿದೆ. ಮೊಮ್ಮಗಳನ್ನು ಹೊಳೆಯ ಕೆಸರಿನಲ್ಲಿ ಬಿಟ್ಟು ಬಂದ ಮಹಾನುಭಾವ ಅಂದೆ. ಬಿಟ್ಟು ಬರಲಿಲ್ಲ ಅಜ್ಜಿ, ಅವಳೇ ನನ್ನನ್ನು ಗಾಡಿಯಿಂದ ಇಳಿಸಿ ಹೋದಳು ಅಂದ. ತಟ್ಟೆ ತೊಳೆದಿಟ್ಟು ಜಗಲಿಯಲ್ಲಿ ಕೂತ. ಸುಮ್ಮನೆ ಕೂರುವ ಬದಲು ಚಕ್ರದ ಕೆಸರಾದರೂ ತೊಳಿ, ನಾಳೆ ಗಿರಾಕಿ ಬರ್ತಾನೆ ಅಂದೆ.

ಮುಂದಿನ ಒಂದೊಂದು ಚಕ್ರದ ನಟ್ಟನಡುವೆಯೂ ಒಂದು ತಿರುಗಿಸುವ ಬಿರಡೆ ಇದೆಯಲ್ಲ, ಕೆಸರಿಗೆ ಇಳಿಯುವ ಮೊದಲು ಅವನ ಕಡೆಯದನ್ನು ಅವನು, ನಿನ್ನ ಕಡೆಯದನ್ನು ನೀನು ತಿರುಗಿಸಬೇಕು, ಆಗಲೇ ನಾಲ್ಕೂ ಚಕ್ರ ಎಳೆಯುವುದು ಅಂತ ನೀನೇ ನನಗೆ ಹೇಳಿಕೊಟ್ಟಿದ್ದೆ. ಆ ದಿನ ಹೊಳೆಯ ಕೆಸರಿನಲ್ಲಿ ಗಾಡಿ ಹೂತುಕೊಂಡಾಗ ಅವನು ‘ನೀನು ತಿರುಗಿಸಿಲ್ಲ’ ಅಂದ, ನೀನು ‘ತಿರುಗಿಸಿದ್ದೇನೆ’ ಅಂದೆ. ಟ್ರ್ಯಾಕ್ಟರು ಬಂದು ಎಳೆಯುವಷ್ಟರಲ್ಲಿ ಜಗಳ ಚಕ್ರ ಬಿಟ್ಟು ಅವನ ಅಮ್ಮನವರೆಗೂ ಹೋಗಿತ್ತು.

ಅವನು ನಿನ್ನ ಕಡೆಯ ಚಕ್ರಕ್ಕೆ ನೀರು ಹಾಕಿದ. ಹೊಳೆಯ ಒಣಗಿದ ಕೆಸರು ಪದರಪದರವಾಗಿ ಕಳಚಿತು. ಒಳಗೆ ಬಿರಡೆ ತಿರುಗಿಸಿದ ಹಾಗೆಯೇ ಕೂತಿತ್ತು. ಅವನ ಕೈ ಅಲ್ಲೇ ನಿಂತಿತು. ಆಮೇಲೆ ಜಾಕ್ ಕೊಟ್ಟು ಎತ್ತಿ, ಬಿರಡೆ ಬಿಚ್ಚಿ ನೋಡಿದ. ಒಳಗಿನ ಸ್ಪ್ರಿಂಗು ಮುರಿದು, ಹಲ್ಲು ಸವೆದು ನುಣ್ಣಗಾಗಿತ್ತು. ಹೊರಗೆ ತಿರುಗಿದರೂ ಒಳಗೆ ಹಿಡಿಯುತ್ತಲೇ ಇರಲಿಲ್ಲ. ಊರವರ ಹಲ್ಲನ್ನೆಲ್ಲ ನೋಡುವ ಡಾಕ್ಟರಮ್ಮ, ಇದನ್ನು ನೋಡಲಿಲ್ಲ ನೀನು. ಅವನೂ ನೋಡಲಿಲ್ಲ. ತಂತಮ್ಮ ಕಡೆ ಸರಿಯಿದ್ದರೆ ಸಾಕು ಅನ್ನುವ ಜನ ಇಬ್ಬರೂ.

ಒದ್ದೆ ನೆಲದಲ್ಲೇ ಕುಕ್ಕರಿಸಿದ. “ಅಜ್ಜಿ, ಅವಳು ತಿರುಗಿಸಿದ್ದಳು,” ಅಂದ. “ಅವಳು ಸುಳ್ಳು ಹೇಳ್ತಾಳೆ ಅಂದೆ ನಾನು.”

“ನನಗ್ಯಾಕೆ ಹೇಳ್ತೀಯ,” ಅಂದೆ. “ನಾನೇನು ನಿನ್ನ ಹೆಂಡ್ತಿಯಾ?”

ನಿನ್ನೆ ಬೆಳಿಗ್ಗೆ ಗುಜರಿಗೆ ಹೋಗಿ ಇನ್ನೊಂದು ಬಿರಡೆ ಹುಡುಕಿ ತಂದು ಹಾಕಿದ. ಅಷ್ಟರಲ್ಲಿ ಮೀನಿನವನು ಬಂದ. ಗಾಡಿ ಮನೆಯವರಿಗೇ ಬೇಕಾಗಿದೆ ಅಂದೆ. ಕೊಟ್ಟ ಮಾತು ತಪ್ಪುತ್ತೀರಾ ಅಂತ ಕೇಳಿದ. ಕೊಟ್ಟೆನೆಂದು ನಿನಗೆ ಯಾರು ಹೇಳಿದರು, ನಾನು ಹೇಳಿದ್ದು ಸೋರುತ್ತದೆ ಅಂತ ತಾನೇ ಅಂದೆ. ಗೊಣಗಿಕೊಂಡು ಹೋದ.

ಈಗ ನನ್ನ ತೀರ್ಪು ಕೇಳು. ಚಕ್ರದ ವಿಷಯದಲ್ಲಿ ನಿನ್ನದೇ ಸರಿ. ಅವನ ಅಮ್ಮನ ಬಗ್ಗೆ ನೀನು ಆಡಿದ ಮಾತು ಅಪ್ಪಟ ತಪ್ಪು, ಅದನ್ನು ಹೊರಿಸಲು ನನ್ನ ಹತ್ತಿರ ಮುರಿದ ಸ್ಪ್ರಿಂಗಿಲ್ಲ. ನಿನಗೆ ಅವನು ಬೇಡವೇ ಬೇಡವೆಂದರೆ ನಾನು ಬಲವಂತ ಮಾಡುವವಳಲ್ಲ. ಬಿಡುವುದಾದರೆ ಅವನಲ್ಲಿರುವ ನಿಜವಾದ ದೋಷಕ್ಕೆ ಬಿಡು, ಹುಡುಕಿದರೆ ಬೇಕಾದಷ್ಟು ಸಿಗುತ್ತವೆ. ಗುಜರಿಯಲ್ಲಿ ಸಿಗುವ ಸಾಮಾನಿಗೆ ಬಿಡಬೇಡ ಮಗಳೇ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನನ್ನು ಎತ್ತಿ ಆಡಿಸಿದ,
ಬಾಯಿಬಡುಕಿ ಅಜ್ಜಿ

ತಾ.ಕ.: ಈ ಕಾಗದ ನಿನ್ನ ಬಾಗಿಲ ಸಂದಿಯಿಂದ ತೂರಿ ಬಂತಲ್ಲ, ಅದು ಅಂಚೆಯವನ ಕೆಲಸವಲ್ಲ. ತೂರಿಸಿದವನು ಇನ್ನೂ ನಿನ್ನ ಮೆಟ್ಟಿಲ ಮೇಲೆ ಕೂತಿರಬೇಕು, ಬೆಲ್ ಒತ್ತಲು ಧೈರ್ಯವಿಲ್ಲ ಪಾಪ. ಕಿಟಕಿಯಿಂದ ಕೆಳಗೆ ನೋಡು. ಗಾಡಿ ನಿಂತಿದೆ, ನಾನು ಹಿಂದಿನ ಮನೆಯಲ್ಲಿ ಮಡಚುವ ಮೇಜಿನ ಮುಂದೆ ಕೂತಿದ್ದೇನೆ. ದಾರಿಯುದ್ದಕ್ಕೂ ಗುಂಡಿ ತಪ್ಪಿಸಿಯೇ ಓಡಿಸಿದ, ಆದರೂ ಅಕ್ಷರ ಹೀಗಾಯಿತು. ಅವನನ್ನು ಒಳಗೆ ಕರೆಯುವುದು ಬಿಡುವುದು ನಿನ್ನಿಷ್ಟ. ನನಗಂತೂ ಬೇಗ ಬಾಗಿಲು ತೆಗಿ. ನಿನ್ನ ಬೀದಿಯಲ್ಲಿ ಬಯಲಿಲ್ಲ, ಬ್ಯಾಂಕಿನವರ ಹೆಂಡತಿ ಬಚ್ಚಲು ಎಲ್ಲಿ ಅಂತ ಕೇಳಿದ್ದು ನ್ಯಾಯವಾಗಿಯೇ ಇತ್ತು.