ಗಾಳಿ ಇರುವ ತನಕ

ಮಾವಳ್ಳಿ
ಆಗಸ್ಟ್ ೨೦೦೬

ಪ್ರೀತಿಯ ಶೀನಣ್ಣ,

ಇಲ್ಲಿಂದ ಕೂಗಿದರೆ ಕೇಳುವಷ್ಟು ಹತ್ತಿರದ ಚಾಮರಾಜಪೇಟೆಗೆ ಕಾಗದ ಬರೆಯುತ್ತಾಳಲ್ಲ, ಇವಳಿಗೇನು ಹುಚ್ಚೇ ಎನ್ನಬೇಡ. ಫೋನ್ ಮಾಡಿದರೆ ನೀನು ಕೆಮ್ಮಿನ ನೆಪ ಹೇಳಿ ಇಟ್ಟುಬಿಡುತ್ತೀಯ. ಕಾಗದಕ್ಕೆ ಅಡ್ಡಬಾಯಿ ಹಾಕಲು ಅಣ್ಣನಿಗೂ ಆಗುವುದಿಲ್ಲ. ಕೂತು ಓದು.

ನಿನ್ನೆ ಡಾಕ್ಟರು ನಿನ್ನೆದುರೇ ಹೇಳಿದರಲ್ಲ, ಮಾರ್ಕೆಟ್ಟಿಗೆ ಹೋಗುವ ಲಾರಿ ಬಸ್ಸುಗಳ ಹೊಗೆಯೆಲ್ಲ ನುಗ್ಗುವ ಆ ಮಹಡಿಮನೆ ಬಿಡದಿದ್ದರೆ ಈ ಚಳಿಗಾಲ ದಾಟುವುದು ಕಷ್ಟ ಎಂದು. ನೀನು ನಕ್ಕು ಅಂಗಿಯ ಗುಂಡಿ ಹಾಕಿಕೊಂಡೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮನೆಗೆ ಬಂದವಳೇ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ.

ನಾನು ಹೈಸ್ಕೂಲಿನಲ್ಲಿದ್ದಾಗಿನ ನಮ್ಮ ಭಾನುವಾರಗಳು ನಿನಗೆ ನೆನಪಿವೆಯೇ? ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ನನಗೆ ಎರಡೂ ನೀನೇ. ನೀನು ಹಾಕಿದ ಜಡೆ ಹಗ್ಗ ಹೊಸೆದ ಹಾಗಿರುತ್ತಿತ್ತು. ಅದೇ ಜಡೆಯಲ್ಲಿ ನನ್ನನ್ನು ಲಾಲ್‌ಬಾಗಿನ ಬಂಡೆ ಹತ್ತಿಸಿ, ಕಡಲೆಕಾಯಿ ಪೊಟ್ಟಣ ಕೈಗಿಟ್ಟು, ಎಲ್ಲೋ ಕೇಳಿ ಬಂದ ವಿಜ್ಞಾನದ ಭಾಷಣವನ್ನು ನನಗೆ ಒಪ್ಪಿಸುತ್ತಿದ್ದೆ. ಆಗ ನಿನ್ನ ಕಣ್ಣು ನೋಡಬೇಕಿತ್ತು! "ಈ ಬಂಡೆ ಹುಟ್ಟಿದಾಗ ಗಾಳೀಲಿ ಆಮ್ಲಜನಕಾನೇ ಇರ್ಲಿಲ್ಲ ಕಣೇ. ಇನ್ನು ನೂರು ಕೋಟಿ ವರ್ಷಕ್ಕೆ ಮತ್ತೆ ಇರಲ್ಲ. ಸೂರ್ಯ ಕಾವೇರ್ತಾ ಹೋಗ್ತಾನೆ, ಗಿಡಗಳು ತಿನ್ನೋ ಇಂಗಾಲ ಎಲ್ಲ ಗಾಳಿ ಬಿಟ್ಟು ಕಲ್ಲು ಸೇರ್ಕೊಳ್ಳುತ್ತೆ. ಗಿಡ ಸತ್ರೆ ನಮಗೆ ಉಸಿರು ಕೊಡೋರು ಯಾರು? ಆ ಖಾಲಿಗೂ ಈ ಖಾಲಿಗೂ ಮಧ್ಯೆ ಹುಟ್ಟಿದೀವಿ ನೋಡು, ಪುಣ್ಯ ಮಾಡಿದ್ವಿ."

ನಾನೇನು ಕಡಿಮೆಯೇ? "ಈಗ ಇಂಗಾಲ ಜಾಸ್ತಿ ಅಂತೀಯ, ಆಮೇಲೆ ಸಾಲಲ್ಲ ಅಂತೀಯ, ಒಂದು ಮಾತಿಗೆ ನಿಲ್ಲು" ಎಂದು ಜಗಳ ತೆಗೆಯುತ್ತಿದ್ದೆ. ನೀನು ಕಡಲೆಸಿಪ್ಪೆ ಊದಿ ಹಾರಿಸಿ, "ಎರಡೂ ನಿಜ ಗೋದಾ. ಅದು ಸೂರ್ಯನ ಲೆಕ್ಕ, ಇದು ನಮ್ಮ ಕರ್ಮ" ಎನ್ನುತ್ತಿದ್ದೆ. ಹಾಗೆ ಒಂದೇ ಉಸಿರಿಗೆ ಇಷ್ಟುದ್ದ ಮಾತಾಡುತ್ತಿದ್ದವನು ನೀನು.

ತೊಂಬತ್ತೆಂಟರಲ್ಲಿ ನನ್ನ ಮದುವೆ. ಅಲ್ಲಾದರೂ ಸುಮ್ಮನಿದ್ದೆಯಾ? ಧಾರೆ ಮುಗಿದು ಪುರೋಹಿತರು "ಆಚಂದ್ರಾರ್ಕ ಸುಖವಾಗಿರಿ, ಸೂರ್ಯ ಚಂದ್ರ ಇರೋವರೆಗೂ ಬಾಳಿ" ಎಂದು ಅಕ್ಷತೆ ಹಾಕಿದರೆ ನೀನು ನಡುವೆ ಬಾಯಿ ಹಾಕಿದೆ. "ಸ್ವಾಮಿ, ಅಷ್ಟು ದಿನ ಗಾಳಿ ಇರಲ್ಲ. ಗಾಳಿ ಇರೋ ತನಕ ಅನ್ನಿ!" ವಾಲಗದ ಗದ್ದಲದಲ್ಲಿ ನಮ್ಮತ್ತೆ ಜಾನಕಮ್ಮನವರ ಕಿವಿಗೆ ಬಿದ್ದದ್ದು 'ಗಾಳಿ' ಒಂದೇ. ಹುಡುಗಿಗೆ ಗಾಳಿ ಸೋಕಿದೆ, ಅಣ್ಣನೇ ಪುರೋಹಿತರ ಹತ್ತಿರ ಹೇಳಿಕೊಳ್ಳುತ್ತಿದ್ದಾನೆ ಎಂದುಕೊಂಡರು ಪಾಪ. ಮನೆ ತುಂಬಿಸಿಕೊಂಡ ಮಾರನೆಯ ದಿನವೇ ನನ್ನನ್ನು ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಗೆ ಕರೆದೊಯ್ದರು. ತೋಳಿಗೆ ತಾಯಿತ ಬೇರೆ! ಸುದ್ದಿ ತಿಳಿದು ನೀನು ಓಡಿ ಬಂದೆ. ನಮ್ಮ ನಡುಮನೆಯಲ್ಲಿ ಕೂತು ಆಮ್ಲಜನಕದ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ. ಎಲ್ಲ ಕೇಳಿದ ಅತ್ತೆ, "ಹಾಗಾದ್ರೆ ಗಾಳಿ ಹಿಡಿದಿರೋದು ಹುಡುಗಿಗಲ್ಲ, ನಿಮಗೆ" ಎಂದರು. ಅವತ್ತಿನಿಂದ ಈ ಮನೆಯಲ್ಲಿ ನೀನು ಗಾಳಿ ಶೀನಣ್ಣ.

ನೂರು ಕೋಟಿ ವರ್ಷಕ್ಕಾಗುವಷ್ಟು ಗಾಳಿಯನ್ನು ಲೋಕಕ್ಕೆಲ್ಲ ಹಂಚಿದವನೇ, ನಿನ್ನೊಬ್ಬನಿಗೆ ಅದು ಸಾಲದೆ ಹೋಯಿತೇ? ನಾಲ್ಕು ಮೆಟ್ಟಿಲು ಹತ್ತಿ ಗೋಡೆ ಹಿಡಿದು ನಿಲ್ಲುತ್ತೀಯಲ್ಲ, ಅದನ್ನು ನನ್ನಿಂದ ನೋಡಲಾಗುವುದಿಲ್ಲ. ಮುಂದಿನ ಯುಗಾದಿಗೆ ನೀನು ನನ್ನ ಕೈಯಿಂದ ಬೇವುಬೆಲ್ಲ ತಿನ್ನಬೇಕು. ನನಗೆ ಅಷ್ಟು ಸಾಕು.

ನಮ್ಮ ಹಿತ್ತಲ ಗೋಡೆಯಾಚೆಯೇ ಲಾಲ್‌ಬಾಗು. ಆ ಕಡೆಯ ರೂಮು ಖಾಲಿ ಮಾಡಿಸಿ ನಮ್ಮ ಯಜಮಾನರು ಸುಣ್ಣವನ್ನೂ ಹೊಡೆಸಿದ್ದಾರೆ. ಅತ್ತೆಯಂತೂ "ಬರ್ಲಿ ಬಿಡೇ, ನನಗೂ ಹರಟೆಗೊಬ್ಬರು ಸಿಗ್ತಾರೆ" ಎಂದರು. ಒಲ್ಲೆ ಎನ್ನುತ್ತಿರುವುದು ನೀನೊಬ್ಬನೇ. "ತಂಗಿ ಮನೆ ಅನ್ನಕ್ಕೆ ಬಿದ್ದ ಅಂತ ಅನ್ನಿಸ್ಕೊಳ್ಳಲಾ? ತವರಿನೋರು ಕೊಡ್ಬೇಕು ಕಣೇ, ತಗೋಬಾರ್ದು" ಎನ್ನುತ್ತೀಯ. ಭೂಮಿಯ ಹಿಂದುಮುಂದೆಲ್ಲ ತಿಳಿದವನು ಬೀದಿಯವರ ಬಾಯಿಗೆ ಹೆದರುತ್ತೀಯಲ್ಲ, ನಿನಗೇನು ಹೇಳಲಿ!

ಸರಿ, ಕೊಡುವುದೇ ನಿನ್ನ ಹಟವಾದರೆ ಕೊಡು. ಬರುವ ವಾರ ಗೌರಿ ಹಬ್ಬ. ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪದೆ ತವರಿನ ಬಾಗಿನ ಹೊತ್ತು ತಂದಿದ್ದೀಯ. ನಾನಾಗಿ ಇಂಥದ್ದು ಬೇಕೆಂದು ಎಂದೂ ಬಾಯಿಬಿಟ್ಟು ಕೇಳಿದವಳಲ್ಲ. ಈ ಸಲ ಕೇಳುತ್ತಿದ್ದೇನೆ. ಸೀರೆ ಬೇಡ, ಬಳೆ ಬೇಡ, ಮೊರವೂ ಬೇಡ. ನನಗೆ ತವರು ಅಂತ ಉಳಿದಿರುವುದು ನೀನೊಬ್ಬನೇ ಶೀನಣ್ಣ. ಆ ತವರನ್ನೇ ಬಾಗಿನ ಕೊಡು. ಹಾಸಿಗೆ ಸುತ್ತಿಕೊಂಡು ಬಾ.

ಒಮ್ಮೆ ಕೊಟ್ಟ ಬಾಗಿನವನ್ನು ವಾಪಸು ಒಯ್ಯುವ ಹಾಗಿಲ್ಲ, ಗೊತ್ತಲ್ಲ.

ಚಿಕ್ಕವರು ದೊಡ್ಡವರನ್ನು ಹರಸಬಾರದಂತೆ. ಹರಸುತ್ತೇನೆ, ಏನು ಮಾಡುತ್ತೀಯ? ನಿನ್ನ ಎದೆ ತಣ್ಣಗಿರಲಿ.

ಹಬ್ಬದ ದಿನ ಬಾಗಿಲಲ್ಲೇ ನಿಂತಿರುವ ತಂಗಿ,
ಗೋದಾ