ಅರ್ಧ ಮೀಸೆ

ಮಾರ್ಚ್ 4, ಬೆಳಗ್ಗೆ

ಇವತ್ತೂ ಐದಕ್ಕೇ ಎಚ್ಚರ. ವಿದೇಶಕ್ಕೆ, ಮಗಳ ಮನೆಗೆ ಬಂದ್ರೂ ಕಟಿಂಗ್ ಶಾಪ್ ಅಭ್ಯಾಸ ಬಿಡ್ಬೇಕಲ್ಲ! ಇಲ್ಲಿ ಎತ್ತೋಕೆ ಶಟರಿಲ್ಲ, ಗುಡಿಸೋಕೆ ಕೂದಲಿಲ್ಲ. ಕಾರಿಡಾರಿಗೆ ಕಾಲಿಟ್ರೆ ಲೈಟು ತಾನೇ ಹತ್ತುತ್ತೆ, ಸುಮ್ನೆ ನಿಂತ್ರೆ ಆರುತ್ತೆ. ಲೈಟು ಆರದ ಹಾಗೆ ಒಂದು ಕೈ ಆಡಿಸ್ತಾನೇ ಬೂಟಿನ ಲೇಸು ಕಟ್ಟಿದೆ. ಮಗಳು ಬಿದ್ದು ಬಿದ್ದು ನಕ್ಕಳು.

ಮೊಮ್ಮಗಳು ಮಾತ್ರ ಹತ್ರ ಬರ್ತಿಲ್ಲ. ಬಂದ ದಿನವೇ ಎಡವಟ್ಟು ಮಾಡ್ಕೊಂಡೆ. ಕಣ್ಣು ಮುಚ್ಚೋ ಹಾಗೆ ಬೆಳೆದಿತ್ತು ಅವಳ ಕೂದಲು. ಪೆಟ್ಟಿಗೆಯಿಂದ ಕತ್ತರಿ ತೆಗೆದು ಗಾಳಿಯಲ್ಲಿ ಕಟಕಟ ಆಡಿಸಿದೆ. ನಮ್ಮ ಅಂಗಡಿಗೆ ಬರೋ ಮಕ್ಕಳು ಆ ಸದ್ದಿಗೇ ನಗ್ತವೆ. ಇವಳು ಕಿರುಚಿ ಸೋಫಾ ಹಿಂದೆ ಸೇರಿಕೊಂಡ್ಳು. ಇಲ್ಲಿನ ಸಲೂನಲ್ಲಿ ಮೆಷಿನ್ ಸದ್ದಿಗೆ ಹೆದರಿದ್ದಾಳಂತೆ. ನನಗೇನು ಗೊತ್ತು! ಫೋನಲ್ಲಿ "ತಾತಾ ತಾತಾ" ಅಂತ ಪ್ರಾಣ ಬಿಡ್ತಿದ್ದವಳು...

ಮಾರ್ಚ್ 6

ಅಳಿಯಂದಿರ ಜೊತೆ ಅವರು ಕಟಿಂಗ್ ಮಾಡಿಸೋ ಸಲೂನಿಗೆ ಹೋಗಿದ್ದೆ. ಕಟಿಂಗಿಗೂ ಅಪಾಯಿಂಟ್‌ಮೆಂಟ್! ನಮ್ಮಲ್ಲಿ ಬೆಂಚಿನ ಮೇಲೆ ಕೂತವರು ಊರಿನ ವರದಿಯೆಲ್ಲ ಒಪ್ಪಿಸ್ತಾರೆ. ಇಲ್ಲಿ ಕತ್ತರಿಸೋರಿಗೂ ಮೌನವ್ರತ, ಕತ್ತರಿಸ್ಕೊಳ್ಳೋರಿಗೂ. ಕೆಲಸ ಮಾತ್ರ ಅಚ್ಚುಕಟ್ಟು, ಒಪ್ಪಬೇಕು.

ಬರ್ತಾ ಬಸ್ಸಲ್ಲಿ ಮುಂದೆ ಕೂತವನ ಕಿವಿ ಹಿಂದೆ ಒಂದು ಎಳೆ ಉದ್ದ ಉಳಿದಿತ್ತು. ಎಷ್ಟು ಹೊತ್ತು ಅಂತ ತಡ್ಕೊಳ್ಳೋದು... ಕೈ ಹೋಗೇಬಿಡ್ತು. ಅವನು ಬೆಚ್ಚಿಬಿದ್ದ. ಅಳಿಯಂದಿರು ಸಾರಿ ಹೇಳಿ ಹೇಳಿ ಸುಸ್ತು.

"ಮಾವ, ಇಲ್ಲಿ ಕೇಳದೆ ಯಾರನ್ನೂ ಮುಟ್ಟಬಾರದು."

"ನನಗೇನೋ ಗೊತ್ತಾಯ್ತು ಅಳಿಯಂದ್ರೇ, ಕೈಗೂ ಗೊತ್ತಾಗ್ಬೇಕಲ್ಲ!"

ಮಾರ್ಚ್ 11

ಬರೆಯೋ ಮನಸ್ಸಿರಲಿಲ್ಲ. ಭಾನುವಾರ ವಾಪಸ್ ವಿಮಾನ. ಮೊಮ್ಮಗಳನ್ನ ಒಂದ್ಸಲವೂ ತೊಡೆ ಮೇಲೆ ಕೂರಿಸ್ಕೊಳ್ಳದೆ ಹೋಗಬೇಕಾ?

ಅಳಿಯಂದಿರು ಸ್ವಂತ ಮಗಳನ್ನೇ "ಎತ್ಕೊಳ್ಳಲಾ?" ಅಂತ ಕೇಳಿ ಎತ್ಕೋತಾರೆ. ಇದೆಂಥ ನಾಟಕ ಅಂತ ಮೊದಮೊದಲು ನಗು ಬರ್ತಿತ್ತು. ಇವತ್ತು ಹೊಳೀತು — ನಾನು ಕೇಳೇ ಇಲ್ವಲ್ಲ.

ಮಾರ್ಚ್ 12, ಸಂಜೆ

ಕೇಳಿದೆ.

"ಪುಟ್ಟಮ್ಮಾ, ನಿನ್ನ ಕೂದಲು ಕತ್ತರಿಸ್ಲಾ?"

"ಬೇಡ."

"ಸರಿ, ಬೇಡ. ನನ್ನ ಮೀಸೆ ನೀನು ಕತ್ತರಿಸ್ತೀಯಾ?"

ಸೋಫಾ ಹಿಂದಿಂದ ಒಂದು ಕಣ್ಣು. ಆಮೇಲೆ ಎರಡೂ. ಸ್ಕೂಲಿನ ಮೊಂಡು ಕತ್ತರಿ ಹಿಡ್ಕೊಂಡು ಬಂದೇ ಬಂದ್ಳು! ಒಳಗಿಂದ ಮಗಳು, "ಅಯ್ಯೋ ಅಪ್ಪಾ, ಮೀಸೆ!" ನನ್ನ ಮದುವೆಯಾದಾಗಿನಿಂದ ಇನ್ನೊಬ್ಬರ ಕೈ ಸೋಕದ ಮೀಸೆ ಇದು. ಕಚಕ್! ಎಡಗಡೆದು ಮಾಯ.

"ನೋವಾಯ್ತಾ ತಾತ?"

"ಚೂರೂ ಇಲ್ಲ ಕಣೇ."

ಕಿಲಕಿಲ ನಕ್ಕಳು. ಊರಲ್ಲಿ ಯಾರಿಗೆ ಮುಖ ತೋರಿಸಲಿ! ತೋರಿಸ್ತೀನಿ ಬಿಡು, ಎಲ್ಲರಿಗೂ ತೋರಿಸ್ತೀನಿ.

ಮಾರ್ಚ್ 13, ಬೆಳಗ್ಗೆ

ಬಲಗಡೆ ಮೀಸೆ ಹಾಗೇ ಇದೆ. ಬೋಳಿಸೋಕೆ ಮನಸ್ಸು ಬರ್ಲಿಲ್ಲ. ಬಸ್ ಸ್ಟಾಪಲ್ಲಿ ಜನ ತಿರುಗಿ ನೋಡಿದ್ರು, ಆದ್ರೆ ಯಾರೂ ಏನೂ ಕೇಳ್ಲಿಲ್ಲ. ನಮ್ಮೂರಾಗಿದ್ರೆ ಇಷ್ಟು ಹೊತ್ತಿಗೆ...

ಈಗ ಮೊಮ್ಮಗಳು ಬಂದು ತೊಡೆ ಮೇಲೆ ಹತ್ತಿ ಕೂತ್ಳು. ಕೇಳದೆ! ಮುಂದಲೆ ಕೂದಲನ್ನ ಎರಡೂ ಕೈಯಲ್ಲಿ ಎತ್ತಿ ಹಿಡ್ಕೊಂಡಿದ್ದಾಳೆ.

"ತಾತ, ಸ್ವಲ್ಪ. ಮೆಷಿನ್ ಬೇಡ. ಕಟಕಟ ಮಾತ್ರ."

ಪೆನ್ನು ಇಡ್ಬೇಕು. ಕತ್ತರಿ ಎಲ್ಲಿಟ್ಟೆ...