ಮೊದಲಿಂದ ಹೇಳು

ಭೋಸರಿ, ಪುಣೆ
೧೯ ಏಪ್ರಿಲ್ ೧೯೯೭

ಪ್ರೀತಿಯ ಅಜ್ಜಾ,

ಹದಿನೇಳನೆಯ ತಾರೀಖಿನ ನನ್ನ ಜರ್ಮನ್ ಮೌಖಿಕ ಪರೀಕ್ಷೆಯ ವಿಷಯ ತಿಳಿಸುವುದಕ್ಕೂ, ಮುಂಬಯಿಯ ಸಂದರ್ಶನಕ್ಕೆ ಯಾವಾಗ ಹೊರಡುವಿ ಎಂದು ನೀವು ಕಾರ್ಡಿನಲ್ಲಿ ಬರೆಸಿದ್ದಕ್ಕೆ ಉತ್ತರಿಸುವುದಕ್ಕೂ ಈ ಪತ್ರ. ಮೊದಲು ನಿಮ್ಮ ಕಣ್ಣಿನ ಆಪರೇಷನ್ನಿನ ಸುದ್ದಿ ಹೇಳಿರಿ. ಪಟ್ಟಿ ಬಿಚ್ಚಲು ಇನ್ನೂ ನಾಲ್ಕು ದಿನವಿದೆಯಂತೆ. ಅಲ್ಲಿಯವರೆಗೆ ತಲೆ ಬಗ್ಗಿಸಬೇಡಿರಿ. ಧಾರವಾಡದ ಗಾಳಿಗೆ ಧೂಳು ಬಹಳ, ಪುಣೆಗೆ ಮರಳುವವರೆಗೆ ಕಾಕಾನ ಮನೆಯ ಅಂಗಳಕ್ಕೂ ಬರಬೇಡಿರಿ. ಇದನ್ನು ಕೇದಾರ ಕಾಕಾ ನಿಮಗೆ ಓದಿ ಹೇಳುತ್ತಾರೆಂದು ಬಲ್ಲೆ. ಬೇಡವೆನಿಸಿದ ಸಾಲುಗಳನ್ನು ಹಾರಿಸುವುದು ಕಾಕಾನ ಅಭ್ಯಾಸ, ಗಮನವಿರಲಿ.

ಕಳೆದ ತಿಂಗಳ ಲಿಖಿತ ಪರೀಕ್ಷೆಯಲ್ಲಿ ಈ ಸಲವೂ ನಾನೇ ಮೊದಲು. ಎರಡನೆಯವಳು ಹದಿನಾಲ್ಕು ಅಂಕ ಹಿಂದಿದ್ದಾಳೆ. ಒಂದು ತಿಂಗಳು ಜರ್ಮನಿಯಲ್ಲಿ ಓದುವ ವಿದ್ಯಾರ್ಥಿವೇತನಕ್ಕೆ ವಿಭಾಗದವರು ನನ್ನೊಬ್ಬಳ ಹೆಸರನ್ನೇ ಮುಂಬಯಿಗೆ ಕಳಿಸಿದ್ದು ಅದಕ್ಕಾಗಿ. ಮೌಖಿಕದಲ್ಲಿ ಕುಟುಂಬದ ಕುರಿತು ಹೇಳೆಂದರು. ಹನ್ನೊಂದು ವಾಕ್ಯಗಳು ಬಾಯಿಪಾಠವಿದ್ದವು. ನಾಲ್ಕನೆಯದು ನಿಮ್ಮದು: ಅಜ್ಜ ನಮ್ಮ ಜೊತೆಯಲ್ಲಿಯೇ ಇರುತ್ತಾರೆ. ಅಲ್ಲಿಗೆ ಪರೀಕ್ಷೆ ತೆಗೆದುಕೊಳ್ಳುತ್ತಿದ್ದ ನಮ್ಮ ವಿಭಾಗದ ನೀಲಿಮಾ ಮೇಡಂ ನನ್ನನ್ನು ತಡೆದು, ಅಜ್ಜ ದಿನವೆಲ್ಲ ಏನು ಮಾಡುತ್ತಾರೆ ಎಂದು ಜರ್ಮನ್‌ನಲ್ಲಿ ಕೇಳಿದರು. ಪ್ರಶ್ನೆ ತಿಳಿಯಿತು. ಉತ್ತರಕ್ಕೆ ಬೇಕಾದ ಒಂದೊಂದು ಶಬ್ದವೂ ಗೊತ್ತಿತ್ತು. ಆದರೂ ಬಾಯಿ ಮೊದಲನೆಯ ವಾಕ್ಯಕ್ಕೆ ಹೋಯಿತು: ನನ್ನ ಹೆಸರು ಪ್ರಫುಲ್ಲಾ. ನಾಲ್ಕನೆಯದಕ್ಕೆ ಬಂದು ನಿಂತಿತು. ಅವರು ಮತ್ತೆ ಕೇಳಿದರು, ನಾನು ಮತ್ತೆ ಹೆಸರಿನಿಂದ ಆರಂಭಿಸಿದೆ. ಹೀಗೆ ಮೂರು ಸಲ. ಭಯವೆನಿಸಲಿಲ್ಲ, ಅಳುವೂ ಬರಲಿಲ್ಲ. ಮೇಜಿನ ಗಾಜಿನ ಕೆಳಗೆ ಹಳೆಯ ರೈಲ್ವೆ ವೇಳಾಪಟ್ಟಿ ಇತ್ತು, ಅದನ್ನು ಓದುತ್ತಿದ್ದೆ. ಹೊರಗೆ ನನ್ನ ಸಹಪಾಠಿ ಸ್ನೇಹಲ್ ನಗುತ್ತ, "ಕಾಯ್ ಗ, ಕ್ಯಾಸೆಟ್ ಅಡಕಲೀ?" ಎಂದಳು. ಹೌದು, ಸಿಕ್ಕಿಕೊಂಡಿತು ಎಂದೆ.

ಸಂಜೆ ದೀಪ ಹಚ್ಚಿದ ಮೇಲೆ ನೀವು ಮಗ್ಗಿ ಹೇಳಿಸುತ್ತಿದ್ದಿರಿ. ನಡುವೆ ತಡವರಿಸಿದರೆ, "ತುಂಡ ಆತು, ಅಪ್ಪಿ. ಮೊದಲಿಂದ ಹೇಳು." ಹದಿನೇಳರ ಮಗ್ಗಿಯನ್ನು ಒಂದು ಸಂಜೆ ಒಂಬತ್ತು ಸಲ ಮೊದಲಿಂದ ಹೇಳಿದೆ, ಅನ್ನ ಆರಿಹೋಗಿತ್ತು. ಜರ್ಮನ್ ಭಾಷೆಯನ್ನೂ ಹಾಗೆಯೇ ಕಲಿತೆ. ಇದು ದೂರಲ್ಲ. ನನ್ನ ಅಂಕಗಳೆಲ್ಲ ಅದರಿಂದಲೇ ಬಂದವು.

ಮರಳುವಾಗ ಬಸ್ಸಿನಲ್ಲಿ ಆ ಉತ್ತರವನ್ನು ಕನ್ನಡದಲ್ಲಿ ಹೇಳಿಕೊಂಡೆ. ಅಜ್ಜ ಪೇಪರು ಓದುತ್ತಾರೆ. ಕೊತ್ತಂಬರಿ ಸೋಸುತ್ತಾರೆ. ನಾನು ಬರುವ ಹೊತ್ತಿಗೆ ಬಸ್‌ಸ್ಟಾಪಿನಲ್ಲಿ ನಿಂತಿರುತ್ತಾರೆ. ಮೂರೇ ವಾಕ್ಯ. ಮನೆಯಲ್ಲಿ ಅವ್ವ, "ಹೋಗ್ಲಿ ಬಿಡು, ಎರಡ ತುತ್ತು ಉಣ್ಣು" ಅಂದಳು. ಉಂಡೆ. ಮೇಡಂ ನನ್ನ ಹೆಸರನ್ನು ಹಿಂತೆಗೆದಿಲ್ಲ. ಮುಂಬಯಿಯವರೂ ನಡುನಡುವೆ ಕೇಳುವವರೇ, ಸಿದ್ಧಳಾಗಿರು ಎಂದಿದ್ದಾರೆ. ನಡುವಿನಿಂದ ಹೇಳುವುದಕ್ಕೆ ನಾನಿನ್ನೂ ಸಿದ್ಧಳಿಲ್ಲ.

ಪಟ್ಟಿ ಬಿಚ್ಚಿದ ದಿನ ನಿಮಗೆ ಎಲ್ಲವೂ ಸ್ಪಷ್ಟವಾಗಿ ಕಾಣಲಿ. ಕಾಕೂಗೆ ನಮಸ್ಕಾರ.

ನಿಮ್ಮ ಮೊಮ್ಮಗಳು,
ಪ್ರಫುಲ್ಲಾ

ತಾ.ಕ.: ಕೇದಾರ ಕಾಕಾ, ಈ ಸಾಲನ್ನು ಹಾರಿಸದೆ ಅಜ್ಜನಿಗೆ ಓದಿ ಹೇಳಿರಿ. ಮೂವತ್ತನೆಯ ತಾರೀಖಿನ ಸಂದರ್ಶನಕ್ಕೆ ನಾನು ಮುಂಬಯಿಗೆ ಹೋಗುವುದಿಲ್ಲ.